ಬಾಯಿಬಿಡದ ಮಾನಿಟರು

ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಸೊಸೆಗೆ ಆ ಭಾನುವಾರ ತಲೆ ಕೆಟ್ಟುಹೋಗಿತ್ತು. ಅವಳ ಕಂಪ್ಯೂಟರಿನ ಹಳೆಯ ಮಾನಿಟರು ಸ್ವಿಚ್ಚು ಒತ್ತಿದರೆ ಎರಡು ಸೆಕೆಂಡು ಕಣ್ಣು ಬಿಡುತ್ತಿತ್ತು, ಮತ್ತೆ ಕತ್ತಲೆ. ಸೋಮವಾರ ಸಂಜೆಯೊಳಗೆ ಇನ್ನೂರು ಪುಟ ತಿದ್ದಿ ಕಳಿಸಬೇಕು. ರಿಪೇರಿಯವನು, “ಇಷ್ಟು ಹಳೇದಕ್ಕೆ ಯಾರು ಕೈ ಹಾಕ್ತಾರೆ, ಎಸೀರಿ” ಎಂದು ಫೋನಿನಲ್ಲೇ ಕೈ ತೊಳೆದುಕೊಂಡಿದ್ದ.

ಹಿಂದಿನ ದಿನವೇ ಪ್ಲಗ್ಗು ಕಿತ್ತಿಟ್ಟಿದ್ದವಳು ಬೆಳಿಗ್ಗೆ ಊಟದ ಮೇಜಿನ ಮೇಲೆ ಟವೆಲು ಹಾಸಿ ಮಾನಿಟರನ್ನು ಮಕಾಡೆ ಮಲಗಿಸಿದಳು. ಎದುರು ಕುರ್ಚಿಯಲ್ಲಿ ಮಾವ ಆಗಲೇ ಹಾಜರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಜೀವ. ಈಗ ಕೈ ನಡುಗುತ್ತದೆ. ಬಾಯಿ ಮಾತ್ರ ಗಟ್ಟಿ.

“ಸ್ಕ್ರೂ ಎಲ್ಲಾ ಬಟ್ಟಲಿಗೆ ಹಾಕಮ್ಮ.”

“ಹಾಕ್ತಿದೀನಿ ಮಾವ.”

“ಉದ್ದದ್ದು ಬೇರೆ, ಗಿಡ್ಡದ್ದು ಬೇರೆ.”

“ಗೊತ್ತು ಮಾವ.”

“ಗೊತ್ತಿದ್ರೆ ಎರಡನ್ನೂ ಒಂದೇ ಬಟ್ಟಲಿಗೆ ಯಾಕೆ ಸುರಿದೆ?”

ಹಲ್ಲು ಕಚ್ಚಿಕೊಂಡು ಎದ್ದು ಹೋಗಿ ಇನ್ನೊಂದು ಬಟ್ಟಲು ತಂದಳು.

ಮಾನಿಟರು ನಿಲ್ಲುವ ಕಾಲು ಬಿಚ್ಚಿತು. ಪರದೆಯ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟಿನ ಸಂದಿಗೆ ಹಳೆಯ ಲೈಬ್ರರಿ ಕಾರ್ಡು ತೂರಿಸಿ ಒತ್ತಿದಾಗ ಮೂರು ಬದಿಯ ಕೊಂಡಿಗಳು ಟಕ್ ಟಕ್ ಎಂದು ಬಿಟ್ಟುಕೊಂಡವು. ಕೆಳಗಿನ ಬದಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕಾರ್ಡು ಮುರಿಯಿತು. ಚಮಚದ ಹಿಡಿ ಸೊಟ್ಟಗಾಯಿತು. ಉಗುರು ಹೋಯಿತು. ಒಳಕೋಣೆಯಿಂದ ಗಂಡ, “ಆಯ್ತಾ?” ಎಂದು ಕೂಗಿದ. “ಬಂದು ನೀವೇ ನೋಡಿ!” ಎಂದಳು. ಅವನು ಬರಲಿಲ್ಲ. ಅಷ್ಟು ಹೊತ್ತು ಪಟಪಟ ಎನ್ನುತ್ತಿದ್ದ ಮಾವನೂ ಯಾಕೋ ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಮುಕ್ಕಾಲು ಗಂಟೆ ಕಳೆದ ಮೇಲೆ ಮಾವ ಮೆಲ್ಲಗೆ ಕೆಮ್ಮಿದರು.

“ಅಲ್ಲಿ ಸ್ವಲ್ಪ ಬಿಸಿ ಮಾಡಿದ್ರೆ ಬಿಡುತ್ತೆ.”

“ಏನು ಬಿಡುತ್ತೆ?”

“ಅಂಟು.”

“ಯಾವ ಅಂಟು?”

“ಹೋದ ವರ್ಷ ನೀನು ತವರಿಗೆ ಹೋಗಿದ್ದಾಗ ಒಳಗೆ ಹೇಗಿದೆ ನೋಡೋಣ ಅಂತ ಬಿಚ್ಚಿದ್ದೆ. ಕೈ ನಡುಗಿ ಕೆಳಗಿನ ಕೊಂಡಿಗಳು ಮುರಿದುಹೋದವು. ಅದಕ್ಕೇ ಅಂಟು ಹಾಕಿದೆ.”

“ಒಂದು ಗಂಟೆಯಿಂದ ನಾನು ಗುದ್ದಾಡ್ತಿದೀನಿ. ಇಷ್ಟೊತ್ತು ನೋಡ್ಕೊಂಡು ಕೂತಿದ್ರಾ?”

“ಹೇಳೋಣ ಅಂತಾನೇ ಇದ್ದೆ. ನಿನ್ನ ಮುಖ ನೋಡಿ ಧೈರ್ಯ ಬರಲಿಲ್ಲ.”

ಅವಳು ಸರಕ್ಕನೆ ಎದ್ದು ಅಡಿಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದಳು. ಸಿಟ್ಟು ಇಳಿಯಲಿಲ್ಲ. ಆದರೆ ಕೂದಲೆಳೆಯಷ್ಟು ಸಪೂರದ ಸ್ಪ್ರಿಂಗು ಕೂರಿಸುತ್ತಿದ್ದ ಆ ಕೈ ಪ್ಲಾಸ್ಟಿಕ್ ಕೊಂಡಿಗೆ ಸೋತದ್ದನ್ನು ಅವರು ಯಾರಿಗೆ ತಾನೇ ಹೇಳಿಯಾರು ಅನ್ನಿಸಿತು. ತಲೆಗೂದಲು ಒಣಗಿಸುವ ಡ್ರೈಯರು ಹಿಡಿದು ವಾಪಸು ಬಂದಳು.

ಬಿಸಿಗೆ ಅಂಟು ಮೆತ್ತಗಾಗಿ ಚೌಕಟ್ಟು ಎದ್ದಿತು. ತಗಡಿನ ಮುಚ್ಚಳ ತೆಗೆದರೆ ಸರ್ಕ್ಯೂಟಿನ ಕಂದು ಹಲಗೆ, ಅದರ ಮೇಲೆ ಕರೆಂಟು ಹಿಡಿದಿಡುವ, ಪುಟ್ಟ ಡಬ್ಬಿಗಳಂಥ ಕೆಪಾಸಿಟರುಗಳು. ಮಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದರು.

“ಆ ಎರಡು ನೋಡು, ಕೆಟ್ಟಿವೆ. ತಲೆ ಉಬ್ಬಿದೆ.”

“ನನ್ನದೂ ಉಬ್ಬಿದೆ ಮಾವ.”

ಬಿಡಿಭಾಗದ ಅಂಗಡಿ ಮಧ್ಯಾಹ್ನದವರೆಗೆ ತೆರೆದಿರುತ್ತಿತ್ತು. ಓಡಿ ಹೋಗಿ ಅದೇ ಅಳತೆಯ ಎರಡನ್ನು ತಂದಳು. ಮಾವನ ಸೋಲ್ಡರಿಂಗ್ ಐರನ್ ಕಾಯಿಸಿ ಹಳೆಯದನ್ನು ಕಿತ್ತು, ಹೊಸದನ್ನು ತೂರಿಸಿ, ಇನ್ನೇನು ಬೆಸೆಯಬೇಕು—

“ತಡಿ! ಬಿಳಿ ಪಟ್ಟಿ ಇರೋ ಕಡೆ ಮೈನಸ್ಸು. ಉಲ್ಟಾ ಇಟ್ಟಿದೀಯ. ಢಮಾರ್ ಅಂದುಬಿಡುತ್ತೆ!”

ನಿಜವಾಗಿಯೂ ಉಲ್ಟಾ ಇತ್ತು. ಸರಿಮಾಡಿ ಬೆಸೆದಳು. ಅವರು ಒಂದೊಂದು ಬೆಸುಗೆಯನ್ನೂ ನೋಡಿ, “ಹ್ಞೂಂ, ಪರವಾಗಿಲ್ಲ” ಎಂದರು. ಮದುವೆಯಾಗಿ ಬಂದ ಅಷ್ಟೂ ವರ್ಷಗಳಲ್ಲಿ ಅವರ ಬಾಯಿಂದ ಅವಳು ಕೇಳಿದ ದೊಡ್ಡ ಹೊಗಳಿಕೆ ಅದೇ.

ಎಲ್ಲ ಜೋಡಿಸಿ ಸ್ವಿಚ್ಚು ಒತ್ತಿದಳು. ಎರಡು ಸೆಕೆಂಡಾಯಿತು. ಹತ್ತಾಯಿತು. ಬೆಳಕು ಆರದೆ ನಿಂತಿತು.

ಅವಳು ಅಲ್ಲೇ ಮೇಜಿನ ಬಳಿ ಕರಡು ತೆರೆದು ಕೂತಳು. ಮಾವ ಏಳುವ ಲಕ್ಷಣವೇ ಕಾಣಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

“ಮೂರನೇ ಸಾಲಲ್ಲಿ ಒತ್ತಕ್ಷರ ಬಿಟ್ಟುಹೋಗಿದೆ ಅಲ್ವಾ?”

ಬಿಟ್ಟುಹೋಗಿತ್ತು. ಅವಳು ದೊಡ್ಡದೊಂದು ಉಸಿರುಬಿಟ್ಟು ತಿದ್ದಿದಳು.