ಏಳನೇ ಹಿಡಿ

ಏಳನೇ ಹಿಡಿಯೂ ಕೈಕೊಟ್ಟಿತು. ಅಡುಗೆಮನೆಯ ನೆಲಕ್ಕೆ ಚಾಕು ಬಿದ್ದ ಸದ್ದು ಕೇಳಿ ಚಾಕು ಮಾಡುವವ ಪಕ್ಕದ ಕಾರ್ಖಾನೆಯ ಕೋಣೆಯಿಂದ ಓಡಿಬಂದ. ಅವನ ಹೆಂಡತಿ ಎಡಗೈಯಲ್ಲಿ ಅಭ್ಯಾಸಕ್ಕೆಂದು ತಂದ ಎಳೆಯ ಕಡ್ಡಿಯೊಂದನ್ನು ಹಿಡಿದು, ಖಾಲಿಯಾದ ಬಲಗೈಯನ್ನು ಯಾರದೋ ಕೈ ನೋಡಿದ ಹಾಗೆ ನೋಡುತ್ತ ನಿಂತಿದ್ದಳು.

"ಜಾರಿತಾ?"

"ಜಾರೋದು ಗೊತ್ತಾಗಿದ್ರೆ ಹಿಡ್ಕೊಳ್ತಿರಲಿಲ್ವಾ?" ಅಂದಳು. ಸಿಟ್ಟಿನಿಂದ ಅಂದಿದ್ದರೆ ಅವನಿಗೆ ಎಷ್ಟೋ ವಾಸಿ ಅನ್ನಿಸುತ್ತಿತ್ತು.

ಇಪ್ಪತ್ತೆರಡು ವರ್ಷದಿಂದ ಅವಳು ನರ್ಸರಿಯಲ್ಲಿ ಕಸಿ ಕಟ್ಟುತ್ತಿದ್ದಳು. ಗಟ್ಟಿ ಬೇರಿನ ಗಿಡದ ತಲೆ ಕೊಯ್ದು, ಒಳ್ಳೇ ಜಾತಿಯ ಕಡ್ಡಿಯನ್ನು ಓರೆಯಾಗಿ ಸೀಳಿ, ಎರಡನ್ನೂ ಕೂಡಿಸಿ ಪಟ್ಟಿ ಸುತ್ತುವ ಕೆಲಸ. ಮಡಚುವ ಪುಟ್ಟ ಚಾಕು ಒಂದೇ ಅದಕ್ಕೆ ಬೇಕಾದ ಆಯುಧ. ಅಲಗನ್ನು ತನ್ನ ಹೆಬ್ಬೆರಳಿನ ಕಡೆಗೇ ಎಳೆದುಕೊಳ್ಳಬೇಕು, ಬೆರಳಿಗೆ ತಾಗುವ ಮುಂಚೆ ನಿಲ್ಲಿಸಬೇಕು. ಆ ಹೆಬ್ಬೆರಳೂ ಪಕ್ಕದ ಎರಡು ಬೆರಳುಗಳೂ ಹೋದ ಚಳಿಗಾಲದಲ್ಲಿ ಮರಗಟ್ಟಿದವು. ನರದ ಕಾಯಿಲೆ, ಇನ್ನು ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದ್ದರು.

ಡಾಕ್ಟರ ಮಾತು ಚಾಕು ಮಾಡುವವನ ಕಿವಿಗೆ ಬಿದ್ದಿತೇ ಹೊರತು ತಲೆಗೆ ಹೋಗಲಿಲ್ಲ. ಬೆರಳು ಸರಿಹೋಗದಿದ್ದರೆ ಹಿಡಿ ಸರಿಮಾಡಿದರಾಯಿತು ಎಂದು ಹಟ ತೊಟ್ಟ. ಮೊದಲು ಕೊಂಬಿನ ಹಿಡಿ, ಬೆವರಿಗೆ ಜಾರಿತು. ಆಮೇಲೆ ಮರದ್ದು, ಗೀರು ಹಾಕಿದ ಮರದ್ದು, ಮೂಳೆಯದು. ಅಲ್ಯೂಮಿನಿಯಂ ಹಿಡಿ ಎಷ್ಟು ಹಗುರವೆಂದರೆ ಅದು ಕೈಯಲ್ಲಿದೆಯೋ ಇಲ್ಲವೋ ಎಂದು ಅವಳು ಎರಡೆರಡು ಸಲ ನೋಡಿಕೊಳ್ಳುತ್ತಿದ್ದಳು. ರಬ್ಬರು ಸುತ್ತಿದ್ದನ್ನು ಕಂಡು, "ಇದೇನು ಸೈಕಲ್ಲಾ?" ಎಂದು ನಕ್ಕಳು. ಏಳನೆಯದು ಬಟ್ಟೆಯ ಪದರಗಳಿಗೆ ಅಂಟು ಹಾಕಿ ಕಲ್ಲಿನಂತೆ ಒತ್ತಿದ ಹಲಗೆಯದು. ಒದ್ದೆಯಾದರೂ ಜಾರುವುದಿಲ್ಲ ಎಂದು ಅವನು ಕೊಚ್ಚಿಕೊಂಡಿದ್ದ. ಈಗ ಅದೂ ನೆಲ ಕಂಡಿತ್ತು.

ಅವತ್ತು ಗುರುವಾರ, ಅವಳಿಗೆ ರಜೆ. ಮೂರು ತಿಂಗಳಿಂದ ಅವಳು ಕಟ್ಟಿದ ಕಸಿಯಲ್ಲಿ ಅರ್ಧಕ್ಕರ್ಧ ಒಣಗುತ್ತಿದ್ದವು. "ಶುಕ್ರವಾರ ನನ್ನೆದುರಿಗೇ ಐವತ್ತು ಕಟ್ಟಿ. ಮೂರು ವಾರ ಬಿಟ್ಟು ಎಣಿಸ್ತೀನಿ. ನಲವತ್ತು ಚಿಗುರದಿದ್ರೆ ಪ್ಯಾಕಿಂಗ್ ಶೆಡ್ಡಿಗೆ ಹಾಕ್ಬೇಕಾಗತ್ತೆ," ಎಂದು ನರ್ಸರಿಯ ಮೇಲ್ವಿಚಾರಕಿ ಹೇಳಿದ್ದಳು. ಶೆಡ್ಡಿನಲ್ಲಿ ಸಂಬಳ ಕಡಿಮೆಯೇನಲ್ಲ. ಆದರೆ ಕಸಿಯ ಮೇಜು ತಪ್ಪಿದರೆ ತಾನು ಇದ್ದೂ ಇಲ್ಲದ ಹಾಗೆ ಎಂದು ಅವಳು ಒಂದು ಸಲ ಗಂಡನ ಹತ್ತಿರ ಅಂದಿದ್ದಳು. ಮತ್ತೆ ಆ ಮಾತು ಎತ್ತಿರಲಿಲ್ಲ.

ಇಷ್ಟಾದರೂ ಅವನು ಒಂದು ವಿಷಯ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ. ಮೂಳೆಯ ಹಿಡಿಯ ಕಾಲದಲ್ಲಿ ಅವಳು ಒಂದು ಸಂಜೆ ಮನೆಗೆ ಬಂದಾಗ ರವಿಕೆಯ ತೋಳೆಲ್ಲ ರಕ್ತ. ಹೆಬ್ಬೆರಳು ಅರ್ಧ ಇಂಚು ಸೀಳಿತ್ತು, ಅವಳಿಗೆ ಗೊತ್ತೇ ಇರಲಿಲ್ಲ. "ಯಾವಾಗಾಯ್ತೋ ಏನೋ," ಎಂದು ನಲ್ಲಿ ತಿರುಗಿಸಿದಳು. ಮಾರನೆಯ ದಿನ ಅವನು ಅವಳಿಗೆಂದು ಹೊಸ ಅಲಗು ಮಾಡಿದ. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಅತಿಯಾದ ಗಡಸು ಇಳಿಸಿ ಹದಕ್ಕೆ ತರಲು ಬಿಸಿ ಮರಳಿನ ಮೇಲಿಟ್ಟ. ಉಜ್ಜಿದ ಉಕ್ಕಿನ ಮೈಗೆ ಮೊದಲು ಒಣಹುಲ್ಲಿನ ಬಣ್ಣ ಬರುತ್ತದೆ; ಹರಿತ ನಿಲ್ಲಬೇಕಾದ ಅಲಗನ್ನು ಆಗಲೇ ತೆಗೆದುಬಿಡಬೇಕು. ಅವನು ತೆಗೆಯಲಿಲ್ಲ. ಕಂದು ಬಂತು, ನೇರಳೆ ಬಂತು, ಕೊನೆಗೆ ನೀಲಿ ಬಂತು. ನೀಲಿ ಹದ ಸ್ಪ್ರಿಂಗಿಗೆ ಸರಿ, ಅಲಗಿಗಲ್ಲ. ಹತ್ತು ಕಡ್ಡಿ ಕೊಯ್ಯುವಷ್ಟರಲ್ಲಿ ಅದು ಮೊಂಡಾಗುತ್ತದೆ. ಮೊಂಡಾದರೆ ಬೆರಳು ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಮೇಲಿನ ನೀಲಿಯನ್ನು ತಿಕ್ಕಿ ತೆಗೆದು, ಹಿಡಿ ಹಾಕಿ ಕೊಟ್ಟ. ಊರಿಗೆಲ್ಲ ಉಕ್ಕಿನ ಪಾಠ ಹೇಳುವ ಮನುಷ್ಯನಿಗೆ, ಮೊಂಡು ಅಲಗು ಕಡ್ಡಿಯನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ ಎಂಬುದು ಹೊಳೆಯಲಿಲ್ಲವೇ? ಹೊಳೆದಿತ್ತು. ಹೊಳೆದದ್ದನ್ನು ಒರೆಸಿಹಾಕಿದ್ದ.

"ಹತ್ತು ಕಡ್ಡಿಗೇ ಮೊಂಡಾಗತ್ತಲ್ರೀ," ಎಂದು ಅವಳು ಕೇಳಿದಾಗಲೆಲ್ಲ, "ಈ ಸಲ ಬಂದ ಉಕ್ಕೇ ಸರಿ ಇಲ್ಲ ಕಣೇ," ಎನ್ನುತ್ತಿದ್ದ. ಬೇಕಿದ್ದರೆ ತುಕ್ಕು ಹಿಡಿಯದ ಸ್ಟೀಲು ತರಿಸುತ್ತೇನೆ ಎಂದು ಮಾತು ತಿರುಗಿಸುತ್ತಿದ್ದ. ಆಮೇಲೆ ಅವಳು ಕೇಳುವುದನ್ನೂ ಬಿಟ್ಟಳು. ತಪ್ಪು ತನ್ನ ಕೈಯದೇ ಎಂದು ನಂಬಿಬಿಟ್ಟಿದ್ದಳು. ಅವಳ ಆ ನಂಬಿಕೆಯೇ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಎಂಟನೇ ಹಿಡಿ ಹಿತ್ತಾಳೆಯದು ಮಾಡೋಣ ಎಂದು ಅವನು ಗಡಿಬಿಡಿಯಲ್ಲಿ ಅದನ್ನು ಕೂಡಿಸುವ ರಿವಿಟ್ ಮೊಳೆ ತರಲು ಅಂಗಡಿಗೆ ಹೋದ. ಅವನು ಬರುವಷ್ಟರಲ್ಲಿ ಒಂದು ಕೆಲಸವಾದರೂ ಮುಗಿಯಲಿ ಎಂದು ಅವಳು ಹಳೇ ಹಿಡಿಯನ್ನು ತಾನೇ ಬಿಚ್ಚಲು ಕೂತಳು. ಅಲಗನ್ನು ಒಂದು ಹಿಡಿಯಿಂದ ಇನ್ನೊಂದಕ್ಕೆ ಬದಲಾಯಿಸುವುದು ಯಾವಾಗಲೂ ಅವನ ಕೆಲಸ. ಬೇರೆ ಯಾರನ್ನೂ ಅವನು ಮುಟ್ಟಗೊಡುತ್ತಿರಲಿಲ್ಲ. ವಾಪಸ್ ಬಂದಾಗ ಬಿಚ್ಚಿದ ಅಲಗು ಮೇಜಿನ ಮೇಲಿತ್ತು. ಹಿಡಿಯೊಳಗೆ ಅಡಗಿರುವ ಕೀಲಿನ ತುದಿಯಲ್ಲಿ, ತಿಕ್ಕಲು ಕೈ ಎಟುಕದ ಮೂಲೆಯಲ್ಲಿ, ನೀಲಿ ಹಾಗೇ ಉಳಿದಿತ್ತು.

ಇಷ್ಟು ವರ್ಷ ಕಾರ್ಖಾನೆಯ ಕೋಣೆಗೆ ಚಹಾ ತಂದುಕೊಟ್ಟವಳು ಅವಳು. ನೀಲಿಗೆ ಹೋದರೆ ಅಲಗು ಕೆಟ್ಟಿತು, ಇಡೀ ಅಲಗಿಗೆ ಒಂದೇ ಒಣಹುಲ್ಲಿನ ಬಣ್ಣ ಬರಬೇಕು, ನನ್ನ ಕೈಯಲ್ಲಿ ಯಾವತ್ತೂ ಹೆಚ್ಚುಕಡಿಮೆ ಆಗುವುದಿಲ್ಲ ಎಂಬ ಅವನ ಜಂಬದ ಮಾತನ್ನು ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು.

"ತೆಗೆಯೋದು ಮರೆತು ಹೋಯ್ತಾ," ಅಂದಳು, "ಇಲ್ಲ ಬೇಕಂತಲೇ ಮಾಡಿದ್ರಾ?"

ಅವನು ಸುಳ್ಳು ಹೇಳಲು ಬಾಯಿ ತೆರೆದ, ಬರಲಿಲ್ಲ. "ಬೇಕಂತಲೇ. ಬೆರಳು ಹೋಗ್ಬಿಡತ್ತೆ ಅಂತ ಭಯ ಆಯ್ತು."

ಅವಳು ಮೇಜಿನ ಮೇಲಿನ ಕಡ್ಡಿಗಳನ್ನು ಒಂದೊಂದಾಗಿ ಜೋಡಿಸಿದಳು.

"ಮೂರು ತಿಂಗಳಿಂದ ಈ ಕೈನ ಬೈದಿದ್ದೀನಿ ನಾನು," ಅಂದಳು. "ಬಸ್ಸಲ್ಲಿ ಕೂತು ಬೈದಿದ್ದೀನಿ, ಸ್ನಾನದ ಮನೇಲಿ ಬೈದಿದ್ದೀನಿ. ನೀವು ಪಕ್ಕದಲ್ಲೇ ಇದ್ರಿ." "ನನ್ನ ಬೆರಳಿಗೆ ನೋವೇ ಆಗಲ್ಲ ಕಣ್ರೀ. ಆಗದೇ ಇರೋ ನೋವು ತಪ್ಪಿಸೋಕೆ ಹೋಗಿ ಇದ್ದಿದ್ದೊಂದು ಕೆಲಸ ಕಿತ್ಕೊಂಡ್ರಲ್ಲ."

ಅವನು ಅತ್ತ. ಅವಳು ಸಮಾಧಾನ ಮಾಡಲಿಲ್ಲ. "ನಾಳೆ ಬೆಳಗ್ಗೆಗೆ ಸರಿಯಾದ ಅಲಗು ಬೇಕು," ಎಂದಷ್ಟೇ ಹೇಳಿ ಅವನ ಹಿಂದೆಯೇ ಕಾರ್ಖಾನೆಯ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತಳು.

ಅದೇ ಅಲಗನ್ನು ಕೆಂಪಗೆ ಕಾಯಿಸಿ ಮತ್ತೆ ಎಣ್ಣೆಗೆ ಅದ್ದಿದ. ಉಜ್ಜಿ ಹೊಳಪಿಗೆ ತಂದು ಬಿಸಿ ಮರಳಿನ ಮೇಲಿಟ್ಟ. ಇಬ್ಬರೂ ಅದನ್ನೇ ನೋಡುತ್ತ ಕೂತರು. ಉಕ್ಕಿನ ಮೈಗೆ ಒಣಹುಲ್ಲಿನ ಹಳದಿ ಮೆಲ್ಲಗೆ ಹತ್ತಿತು. ಇಕ್ಕಳ ಅವನ ಕೈಯಲ್ಲೇ ಇತ್ತು, ಆದರೆ ಕೈ ಏಳಲೊಲ್ಲದು. ಆ ರವಿಕೆಯ ತೋಳು ಕಣ್ಣಿಗೆ ಕಟ್ಟಿತು. ಇನ್ನೊಂದು ಕ್ಷಣ ಬಿಟ್ಟರೆ ಬಣ್ಣ ಕಂದಿಗೆ ತಿರುಗುತ್ತದೆ, ಆಮೇಲೆ ಎಲ್ಲ ತನ್ನಷ್ಟಕ್ಕೇ ಆಗಿಬಿಡುತ್ತದೆ.

"ತೆಗೀರಿ," ಅಂದಳು.

ತೆಗೆದ.

ಹಿತ್ತಾಳೆಯ ಹಿಡಿ ಕೂಡಿಸುವಾಗ ಅವಳು ಅದನ್ನು ಅಂಗೈಯಲ್ಲಿ ತೂಗಿ ನೋಡಿದಳು. "ಬೆರಳಿಗೆ ಗೊತ್ತಾಗದಿದ್ರೂ ಭಾರ ಮಣಿಕಟ್ಟಿಗೆ ಗೊತ್ತಾಗತ್ತೆ. ಇದನ್ನ ಮೊದಲೇ ಕೇಳಿದ್ರೆ ಹೇಳ್ತಿದ್ದೆ." ಏಳು ಹಿಡಿ ಮಾಡಿದವನು ಒಂದು ಸಲವೂ ಅವಳನ್ನು ಕೇಳಿರಲಿಲ್ಲ.

ಶುಕ್ರವಾರ ಅವನು ನರ್ಸರಿಯ ಬಲೆಯ ಗೋಡೆಯಾಚೆ ನಿಂತು ನೋಡಿದ. ಅಲಗು ಕಡ್ಡಿಯಲ್ಲಿ ಸದ್ದಿಲ್ಲದೆ ಇಳಿಯುತ್ತಿತ್ತು. ಹತ್ತಾಯಿತು, ಇಪ್ಪತ್ತಾಯಿತು, ಚಾಕು ಬೀಳಲಿಲ್ಲ. ಮೂವತ್ತೊಂದನೇ ಗಿಡಕ್ಕೆ ಸುತ್ತಿದ ಬಿಳಿ ಪಟ್ಟಿಯ ಮೇಲೆ ಕೆಂಪು ಕಂಡಿತು. ಮೂವತ್ತೆರಡನೆಯದರ ಮೇಲೆ ಇನ್ನಷ್ಟು. ಅವಳಿಗೆ ಗೊತ್ತಾಗಲಿಲ್ಲ. ಕೂಗಿ ಹೇಳಬೇಕೆಂದು ಅವನಿಗೆ ಅನ್ನಿಸಿತು. ಬಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ಮುಚ್ಚಿಕೊಂಡು ನಿಂತ. ಕೊನೆಗೆ ಅವಳೇ ಬಗ್ಗಿ ನೋಡಿದಳು, ಬೆರಳಿಗೂ ಅದೇ ಪಟ್ಟಿ ಎರಡು ಸುತ್ತು ಸುತ್ತಿ ಮೂವತ್ತಮೂರಕ್ಕೆ ಕೈಹಾಕಿದಳು.

ಮೂರು ವಾರದ ಮೇಲೆ ನಲವತ್ತನಾಲ್ಕು ಚಿಗುರಿದವು.

ಮಾರನೆಯ ಬೆಳಗ್ಗೆ ಅವಳು ಕೆಲಸಕ್ಕೆ ಹೊರಡುವ ಮುಂಚೆ ಚಾಕುವನ್ನು ತಂದು ಸಾಣೆಕಲ್ಲಿನ ಪಕ್ಕ ಇಟ್ಟಳು. "ಸ್ವಲ್ಪ ಮೊಂಡಾಗಿದೆ. ಸರಿಯಾಗಿ ಮಸೀರಿ." ಇನ್ನು ದಿನಾ ಬೆಳಗ್ಗೆ ಇದೇ ತನ್ನ ಪಾಲಿನ ಕೆಲಸ ಎಂದು ಅವನಿಗೆ ಅರ್ಥವಾಯಿತು. ಕಲ್ಲಿಗೆ ನೀರು ಹನಿಸಿ, ಮುಂಗೈ ಮೇಲಿನ ಕೂದಲು ಹಾರುವಷ್ಟು ಹರಿತ ಮಾಡಿದ. ಅಲಗು ಮಡಚಿ ಅವಳ ಕೈಯಲ್ಲಿಟ್ಟ. ಆ ಬೆರಳುಗಳು ಹಿಡಿಯ ಸುತ್ತ ಮುಚ್ಚಿದ್ದನ್ನು ಕಣ್ಣಾರೆ ನೋಡಿದ ಮೇಲೆ ತನ್ನ ಕೈ ಬಿಟ್ಟ.