ಸಿಮೆಂಟ್ ಗೋಪುರದ ಮೇಲಿನ ಮುಖ

ಆಸ್ಟ್ರೇಲಿಯದ ಜೀಲಾಂಗಿನ ಹಳೆಯ ಸಿಮೆಂಟ್ ಗೋಪುರದ ಮೇಲೆ ತನ್ನ ಮುಖ ಮೂಡುತ್ತಿದೆ ಎಂಬ ಸುದ್ದಿ ಲೀನೋ ಬೊರ್ತೊಲೊತ್ತೊನಿಗೆ ಸಿಕ್ಕಿದ್ದು ಬ್ರೆಡ್ಡಿನ ಅಂಗಡಿಯಲ್ಲಿ.

"ಎಂಟು ಮಹಡಿ ಎತ್ತರ ಬೆಳೆದುಬಿಟ್ಟೆಯಲ್ಲೋ. ಇನ್ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತೀಯೋ ಇಲ್ವೋ?" ಎಂದು ಅಂಗಡಿಯವನು ಕಿಚಾಯಿಸಿದ.

ಲೀನೋಗೆ ಎಪ್ಪತ್ತೆಂಟು. ಆ ಗೋಪುರವಿದ್ದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸಿಮೆಂಟ್ ಮೂಟೆ ತುಂಬಿದವನು. ಕಾರ್ಖಾನೆ ಮುಚ್ಚಿದ ಮೇಲೆ ಗೋಪುರವೊಂದೇ ಬೂದು ಬಣ್ಣದಲ್ಲಿ ನಿಂತಿತ್ತು. ಕೆಡವಬೇಕು, ಬೇಡ ಎಂಬ ಜಗಳ ವರ್ಷಗಟ್ಟಲೆ ನಡೆದು, ಕೊನೆಗೆ ನಗರಸಭೆಯವರು ಅದರ ಮೇಲೆ ಚಿತ್ರ ಬರೆಸಲು ಹೊರಟಿದ್ದರು. ಹಳೆಯ ಕಡತದಲ್ಲಿ ಒಬ್ಬ ಕೆಲಸಗಾರನ ಫೋಟೋ ಸಿಕ್ಕಿತ್ತು. ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ 'ಲೀನೋ, ೧೯೭೪' ಎಂದು ಬರೆದಿತ್ತು.

ಮಗಳು ರೆನಾತ ಅವತ್ತೇ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದಳು. ಗೋಪುರದ ತುಂಬ ಒಬ್ಬ ಯುವಕ. ಕಿತ್ತಳೆ ಕೆನ್ನೆ, ನೀಲಿ ಮೀಸೆ, ಅಗಲ ಕಾಲರಿನ ಅಂಗಿ, ಬಿಸಿಲಿಗೆ ಹಣೆಯ ಮೇಲೆ ಅಡ್ಡ ಹಿಡಿದ ಕೈ. ಲೀನೋ ಕತ್ತು ನೋಯುವಷ್ಟು ಹೊತ್ತು ನೋಡಿದ.

"ಇದು ನಾನಲ್ಲ," ಎಂದ. "ಇದು ಮಿರ್ಕೊ."

ಮಿರ್ಕೊ ಸ್ತಾನಿಚ್ ಕಾರ್ಖಾನೆಯಲ್ಲಿ ಒಂದೇ ಯಂತ್ರದ ಮುಂದೆ ಅವನ ಜೊತೆ ನಿಂತು ದುಡಿದ ಗೆಳೆಯ. ತೀರಿಕೊಂಡು ಇಪ್ಪತ್ತಾರು ವರ್ಷವಾಗಿತ್ತು.

"ಏನಪ್ಪ ನೀನು. ಆ ಕಣ್ಣು ನೋಡು, ಥೇಟ್ ನಮ್ಮಜ್ಜಿದು," ಎಂದಳು ರೆನಾತ. "ಹಿಂದೆ ನಿನ್ನ ಹೆಸರೇ ಬರ್ದಿದ್ಯಲ್ಲ."

"ಬರೆದವನು ತಪ್ಪಾಗಿ ಬರೆದಿರಬಹುದು."

ಅವಳು ವಾದ ಮಾಡಲಿಲ್ಲ. ಮರುವಾರ ಅವನನ್ನು ಡಾಕ್ಟರ ಬಳಿ ಕರೆದೊಯ್ದಳು, ಅಷ್ಟೆ. ವಾರ, ತಾರೀಖು, ಪ್ರಧಾನಿಯ ಹೆಸರು ಎಲ್ಲವನ್ನೂ ಲೀನೋ ಸರಿಯಾಗಿಯೇ ಹೇಳಿದ. ಗೋಪುರದ ಮೇಲಿರುವವರು ಯಾರು ಎಂದು ಮಾತ್ರ ಡಾಕ್ಟರು ಕೇಳಲಿಲ್ಲ. ಮನೆಗೆ ಬಂದವನೇ ಕನ್ನಡಿಯ ಮುಂದೆ ನಿಂತು, ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿಕೊಂಡ. ಆಗಲೇ ಅವನಿಗೆ ಹೊಳೆದದ್ದು. ಅವನ ಬಲಗೈ ತೋರುಬೆರಳಿಗೆ ತುದಿಯೇ ಇರಲಿಲ್ಲ. ೧೯೭೨ರಲ್ಲಿ ಮೂಟೆ ಹೊಲಿಯುವ ಯಂತ್ರ ಅದನ್ನು ನುಂಗಿತ್ತು. ಸ್ವಿಚ್ಚು ಆರಿಸಿ ಕೈಯನ್ನು ಬಿಡಿಸಿದವನು ಮಿರ್ಕೊ. ಗೋಪುರದ ಮೇಲಿದ್ದದ್ದೂ ಬಲಗೈಯೇ, ಅದರಲ್ಲಿ ಐದೂ ಬೆರಳು ಪೂರ್ತಿ ಇದ್ದವು.

ಗೆದ್ದವನಂತೆ ಬಸ್ಸು ಹತ್ತಿ ಹೋಗಿ ಗೋಪುರದ ಚಿತ್ರ ಬರೆಯುತ್ತಿದ್ದ ಕಲಾವಿದೆ ಟೆಸ್‌ಗೆ ಕೈ ತೋರಿಸಿದ. ಅವಳ ಮುಖ ಪೆಚ್ಚಾಯಿತು.

"ಫೋಟೋದಲ್ಲಿ ಆ ತುದಿ ಇರ್ಲೇ ಇಲ್ಲ. ಅಲ್ಲಿ ಕಲೆ ಕೂತಿದೆ ಅಂದ್ಕೊಂಡು ನಾನೇ ಸೇರಿಸಿ ಬರೆದೆ."

ಫೋಟೋ ನೋಡಿದರೆ ಬೆರಳಿದ್ದ ಕಡೆ ಬರೀ ಬಿಳಿ ಮಚ್ಚೆ. ಕಲೆಯೂ ಇರಬಹುದು, ಮೊಂಡು ಬೆರಳೂ ಇರಬಹುದು. ತನ್ನ ಸಾಕ್ಷಿ ತನಗೇ ತಿರುಗಿಬಿದ್ದಂತಾಗಿ ಲೀನೋ ಚಾಚಿದ್ದ ಕೈಯನ್ನು ಜೇಬಿಗೆ ಸೇರಿಸಿದ.

"ನನ್ನನ್ನ ಮೇಲೆತ್ತೋ ಈ ಬಾಡಿಗೆ ಯಂತ್ರ ಶುಕ್ರವಾರ ವಾಪಸ್ ಹೋಗುತ್ತೆ. ಅಷ್ಟರೊಳಗೆ ಹೇಳಿ, ತುದಿ ಅಳಿಸಿಬಿಡ್ತೀನಿ," ಎಂದಳು ಟೆಸ್. ಬೇಕಾದರೆ ಹತ್ತಿರದಿಂದ ನೋಡಿ ಎಂದು ಯಂತ್ರದ ತೊಟ್ಟಿಲಿನಲ್ಲಿ ನಿಲ್ಲಿಸಿ ಅವನನ್ನು ಮೇಲಕ್ಕೆ ಕರೆದೊಯ್ದಳು. ಹತ್ತಿರ ಹೋದರೆ ಮುಖವೇ ಇಲ್ಲ. ಬಾಗಿಲಿನಷ್ಟು ದೊಡ್ಡ ಹಸಿರು ಪಟ್ಟೆ, ಅದರ ಪಕ್ಕ ಗುಲಾಬಿ. ಇದೇ ಕಣ್ಣು ಎಂದು ಅವಳು ತೋರಿಸಿದರೂ ಅವನಿಗೆ ಕಾಣಲಿಲ್ಲ.

ಗುರುತು ಹೇಳಲು ಇನ್ನು ಉಳಿದವಳು ಮಿರ್ಕೊನ ಅಕ್ಕ ದಾನಿತ್ಸ. ಎಂಬತ್ತಮೂರರ ಮುದುಕಿ. ಗುರುವಾರ ಅವಳನ್ನು ಟ್ಯಾಕ್ಸಿಯಲ್ಲಿ ಕರೆತಂದು ಗೋಪುರದ ಎದುರು ಮಡಚುವ ಕುರ್ಚಿ ಹಾಕಿ ಕೂರಿಸಿದ. ಅವಳು ಕನ್ನಡಕ ಒರೆಸಿ ಒರೆಸಿ ನೋಡಿದಳು.

"ಆ ಅಂಗಿ ನಾನೇ ಹೊಲಿದಿದ್ದು."

"ಅಂದ್ರೆ ಮಿರ್ಕೊನೇ ಅಲ್ವಾ ಅಕ್ಕ?"

"ನಿಂಗೂ ಅಂಥದ್ದೇ ಒಂದು ಹೊಲಿದು ಕೊಟ್ಟಿರ್ಲಿಲ್ವೇನೋ? ಮರೆತುಬಿಟ್ಯಾ?"

ಲೀನೋಗೆ ಅದು ನೆನಪೇ ಇರಲಿಲ್ಲ.

"ನಿನ್ನ ತಮ್ಮನ ಮುಖ ನಿಂಗೆ ಗೊತ್ತಾಗಲ್ವಾ?"

"ನಿನ್ನ ಮುಖ ನಿಂಗೇ ಗೊತ್ತಾಗ್ತಿಲ್ಲ, ನನ್ನ ಕೇಳ್ತೀಯಲ್ಲ," ಎಂದಳು ದಾನಿತ್ಸ. ಬಾಯಿ ಜೋರಾಗಿದ್ದರೂ ಅವಳ ಕಣ್ಣು ತುಂಬಿತ್ತು. ಅವನು ಬೆರಳಿನ ವಿಷಯ ಹೇಳಿದಾಗ ತಲೆ ಅಲ್ಲಾಡಿಸಿದಳು. "ಅಳಿಸೋಕೆ ಹೇಳ್ಬೇಡ ಕಣೋ. ಒಂದು ಸಲ ಹೋಗಿದ್ದೇ ಸಾಕು."

ಬೆರಳು ಹಾಗೆಯೇ ಉಳಿಯಿತು. ಗೋಪುರದ ಬುಡದಲ್ಲಿ ಹೆಸರಿನ ಫಲಕ ಹಾಕುತ್ತಾರೆಂದು ತಿಳಿದಾಗ ಲೀನೋ ನೇರ ನಗರಸಭೆಗೆ ಹೋಗಿ ಇಬ್ಬರ ಹೆಸರನ್ನೂ ಹಾಕಿ ಎಂದ.

"ಒಂದು ಮುಖಕ್ಕೆ ಎರಡು ಹೆಸರು ಹೇಗೆ ಸಾರ್ ಹಾಕೋದು?" ಎಂದು ಅಲ್ಲಿನ ಅಧಿಕಾರಿಣಿ ಕೇಳಿದಳು.

"ನಮ್ಮ ಮೇಸ್ತ್ರಿ ನನ್ನ ಕರೀಬೇಕಾದಾಗ ಮಿರ್ಕೊ ಅಂತಿದ್ದ, ಅವನನ್ನ ಕರೀಬೇಕಾದಾಗ ಲೀನೋ ಅಂತಿದ್ದ. ಯಾರು ಹೋದ್ರೂ ಕೆಲಸ ಆಗ್ತಿತ್ತು."

ಅವಳು ನಕ್ಕಳು, ಮೇಲಿನವರನ್ನು ಕೇಳಬೇಕು ಎಂದಳು. ಹದಿನೈದು ದಿನ ಕೇಳಿದ ಮೇಲೆ ಒಪ್ಪಿಗೆ ಸಿಕ್ಕಿತು.

ಉದ್ಘಾಟನೆಯ ಭಾನುವಾರ ಊರೇ ಸೇರಿತ್ತು. ಫಲಕದ ಮೇಲಿದ್ದ ತಮ್ಮನ ಹೆಸರನ್ನು ದಾನಿತ್ಸ ಅಂಗೈಯಿಂದ ಸವರಿದಳು. ಜನ ಬಂದು ಲೀನೋನ ಕೈ ಕುಲುಕಿದರು. ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನುವುದನ್ನೂ ಬಿಟ್ಟಿದ್ದ. ತಲೆಯೆತ್ತಿದಾಗ ಒಮ್ಮೆ ಮಿರ್ಕೊ ಕಂಡ. ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರೆ, ಅದು ಮೂವತ್ತು ತುಂಬದ ತಾನೇ ಇರಬಹುದೇನೋ ಎನ್ನಿಸಿತು.

"ಈಗ ಯಾರ ಥರ ಕಾಣ್ತಾನೆ?" ಎಂದು ದಾನಿತ್ಸಳನ್ನು ಕೇಳಿದ.

"ಚೆನ್ನಾಗಿ ಕಾಣ್ತಾನೆ," ಎಂದಳು ಅವಳು. "ಕುರ್ಚಿ ಮಡಚು, ಬಿಸಿಲು ಜಾಸ್ತಿಯಾಯ್ತು."