ನನ್ನ ಬೆನ್ನ ಹಿಂದಿನ ಗಾಲಿ

ನಾನು ಒಂದು ತೂಕದ ಯಂತ್ರ. ದುಂಡು ಗಾಜಿನ ಮುಖ, ಅದರೊಳಗೊಂದು ಕೆಂಪು ಮುಳ್ಳು, ಮೈಮೇಲೆ ಕಪ್ಪು ರಬ್ಬರು. ಬ್ಯಾಟರಿ ಬೇಡ, ಕರೆಂಟು ಬೇಡ, ಕಾಲಿಟ್ಟು ನಿಂತರೆ ಸಾಕು. ಕಾರ್ಖಾನೆಯಲ್ಲಿ ತಗಡು ಬಗ್ಗಿಸಿ, ಸ್ಪ್ರಿಂಗು ಕೂಡಿಸಿ, ಕೊನೆಗೆ ಬೆನ್ನ ಹಿಂದೆ ಒಂದು ಪುಟ್ಟ ಗಾಲಿ ಕೂರಿಸಿದರು. ಮುಳ್ಳು ಸೊನ್ನೆ ಬಿಟ್ಟು ಸರಿದರೆ ಆ ಗಾಲಿ ತಿರುವಿ ಮತ್ತೆ ಸೊನ್ನೆಗೆ ತರಬೇಕು. ನನ್ನ ಬಾಳಿನ ಕಷ್ಟವೆಲ್ಲ ಬಂದದ್ದು ಆ ಗಾಲಿಯಿಂದಲೇ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನದು ಹೊಟ್ಟೆಕಿಚ್ಚಿನ ಸ್ವಭಾವ. ಕನ್ನಡಿಯನ್ನು ಕಂಡರಂತೂ ನನಗೆ ಆಗುವುದೇ ಇಲ್ಲ. ಅದರ ಮುಂದೆ ಜನ ಹೊಟ್ಟೆ ಒಳಗೆಳೆದುಕೊಂಡು, ಅರ್ಧ ತಿರುಗಿ ನಿಂತು ನಗುತ್ತಾರೆ. ನನ್ನ ಮೇಲೆ ಹತ್ತಿದರೆ ಮುಖ ಗಂಟಿಕ್ಕುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿದ್ದಕ್ಕೆ ಇದೇನಾ ಮರ್ಯಾದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಾನು ಮೊದಲು ಹೋದದ್ದು ಗದಗಿನಲ್ಲಿ ಮಲ್ಲೇಶಪ್ಪನ ಔಷಧದ ಅಂಗಡಿಗೆ. ಬಾಗಿಲಲ್ಲೇ ನನ್ನ ಜಾಗ. ಚಪ್ಪಲಿ ಹಾಕಿಕೊಂಡವರು, ಕೈಚೀಲ ಹಿಡಿದವರು, ಕಂಕುಳಲ್ಲಿ ಕೂಸು ಇಟ್ಟುಕೊಂಡವರು ಎಲ್ಲರೂ ಹತ್ತಿ, ನೋಡಿ, ಯಂತ್ರ ಸರಿ ಇಲ್ಲ ಎಂದು ಇಳಿದು ಹೋಗುತ್ತಿದ್ದರು. ಒಂದು ದಿನ ಅಂಗಡಿಗೆ ಅಂಕಿ ಬೆಳಗುವ ಗಾಜಿನ ಯಂತ್ರ ಬಂತು. ಅದರ ಥಳಕು ನೋಡಿ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಮಲ್ಲೇಶಪ್ಪ ನನ್ನನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಮನೆಗೆ ತಂದ.

ಮನೆಯಲ್ಲಿ ಮೂವರು ಹೆಂಗಸರು. ಮಲ್ಲೇಶಪ್ಪನ ತಾಯಿ ನೀಲಮ್ಮ, ಹೆಂಡತಿ ದಾಕ್ಷಾಯಣಿ, ತಮ್ಮನ ಹೆಂಡತಿ ಪೂರ್ಣಿಮಾ. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗದಲ್ಲಿ ನನ್ನನ್ನು ಇಟ್ಟರು. ಅಲ್ಲಿಂದ ನನಗೆ ಹೆಚ್ಚಾಗಿ ಕಾಣುವುದು ಪಾದಗಳು, ಸೀರೆಯ ಅಂಚು. ಕೇಳುವುದು ಮಾತ್ರ ಎಲ್ಲವೂ.

ಪೂರ್ಣಿಮಾಳ ಮದುವೆಯಾಗಿ ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ. ಮೊದಲು ತೂಕ ಇಳಿಯಲಿ, ಆಮೇಲೆ ಚಿಕಿತ್ಸೆ ಎಂದು ಡಾಕ್ಟರಮ್ಮ ಹೇಳಿದ್ದರು. ದಾಕ್ಷಾಯಣಿಗೆ ಇಬ್ಬರು ಮಕ್ಕಳು, ಜೊತೆಗೆ ಹೆರಿಗೆಯ ನಂತರ ಬಂದು ಮರಳಿ ಹೋಗದ ಮೈ. ತಾನೂ ಇಳಿಸುತ್ತೇನೆ ಎಂದು ಅವಳೂ ಹೊರಟಳು. ಇಬ್ಬರೂ ರೊಟ್ಟಿ ಬಡಿಯುತ್ತ, ಫೋನಿನಲ್ಲಿ ಕಂಡ ಪಥ್ಯಗಳನ್ನೆಲ್ಲ ತೂಗಿ ನೋಡಿದರು. ಕೀಟೋ ಎಂಬುದರಲ್ಲಿ ರೊಟ್ಟಿ, ಅನ್ನ ಇಲ್ಲ. ತುಪ್ಪ, ಬೆಣ್ಣೆ, ಪನೀರು ಎಷ್ಟಾದರೂ ಸರಿ. ಇನ್ನೊಂದರಲ್ಲಿ ಹದಿನಾರು ತಾಸು ಉಪವಾಸ, ಉಳಿದ ಎಂಟು ತಾಸಿನಲ್ಲಿ ಊಟ. ಮತ್ತೊಂದು ಒಂದು ವಾರದ್ದು, ಒಂದು ದಿನ ಬರೀ ಹಣ್ಣು, ಒಂದು ದಿನ ಬರೀ ಕಾಯಿಪಲ್ಲೆ. ಸಿರಿಧಾನ್ಯದ್ದೊಂದು. ಊಟದ ಬದಲು ಪುಡಿ ಕಲಸಿ ಕುಡಿಯುವುದೊಂದು.

ಪೂರ್ಣಿಮಾ ಎಲ್ಲ ಕೇಳಿ, ಯಾವುದನ್ನು ಜನ್ಮವಿಡೀ ಉಣ್ಣಬಹುದೋ ಅದೇ ಸರಿ ಎಂದಳು. ಎರಡರ ಬದಲು ಒಂದು ಜೋಳದ ರೊಟ್ಟಿ, ತಟ್ಟೆ ತುಂಬ ಪಲ್ಲೆ, ಹೆಸರುಕಾಳು, ಮಜ್ಜಿಗೆ, ಹೊತ್ತು ಮುಳುಗುವ ಮುಂಚೆ ಊಟ, ಸಂಜೆ ಭೀಷ್ಮ ಕೆರೆಯ ತನಕ ನಡಿಗೆ. ಇದಕ್ಕೆ ಹೆಸರೇ ಇಲ್ಲ ಎಂದು ದಾಕ್ಷಾಯಣಿ ಮೂಗು ಮುರಿದಳು. ಅವಳು ಎರಡು ಪಥ್ಯ ಒಟ್ಟಿಗೆ ಹಿಡಿದಳು. ತುಪ್ಪದ ಆಸೆಗೆ ಕೀಟೋ, ಸೋಮವಾರದ ಒಪ್ಪತ್ತು ಹೇಗೂ ಇದೆ ಎಂದು ಹದಿನಾರು ತಾಸಿನದು. ಆದರೆ ಆ ಮನೆಯಲ್ಲಿ ಉಪವಾಸವೆಂದರೆ ಶೇಂಗಾಪುಡಿ ಬೆರೆಸಿದ ಸಾಬೂದಾನಿ ಖಿಚಡಿ, ಬಾಳೆಹಣ್ಣು, ಖರ್ಜೂರ, ಕೆನೆಹಾಲು. ಉಪವಾಸದ ಮಾರನೆಯ ದಿನ ಅವಳು ಹತ್ತಿದರೆ ನನ್ನ ಸ್ಪ್ರಿಂಗು ನರಳುತ್ತಿತ್ತು.

ಪೂರ್ಣಿಮಾ ಹತ್ತುವ ರೀತಿಯೇ ಬೇರೆ. ಸ್ನಾನ ಮಾಡಿ ಬಂದು, ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಳು. ಕಣ್ಣು ಮುಚ್ಚಿ ಏನೋ ಬೇಡಿಕೊಂಡು, ಮುಚ್ಚಿದ ಕಣ್ಣಲ್ಲೇ ಹತ್ತಿ ನಿಂತು, ಆಮೇಲೆ ಕೆಳಗೆ ನೋಡುವಳು. ಹುಟ್ಟಿದಾಗಿನಿಂದ ನನಗೆ ನಮಸ್ಕಾರ ಮಾಡಿದವಳು ಅವಳೊಬ್ಬಳೇ. ಮುಳ್ಳು ಇಳಿಯತೊಡಗಿತು. ಆದರೆ ಇಳಿದ ಸಂತೋಷಕ್ಕೆ ಅವಳು ಓಡಿದ್ದು ಕನ್ನಡಿಯ ಹತ್ತಿರ. ನನಗೆ ಎಷ್ಟು ಉರಿದಿರಬೇಡ!

ನನಗಿಂತ ಹೆಚ್ಚು ಉರಿದದ್ದು ದಾಕ್ಷಾಯಣಿಗೆ. ಲಕ್ಕುಂಡಿಯ ಒಂದು ಮದುವೆಯಲ್ಲಿ ಎಲ್ಲರೂ ಪೂರ್ಣಿಮಾಳ ಸುತ್ತ ಸೇರಿ, ಎಷ್ಟು ಚಂದ ಆಗಿದ್ದಾಳೆ, ಹೇಗೆ ಇಳಿಸಿದಳು ಎಂದು ಕೇಳಿದರಂತೆ. ನೀಲಮ್ಮನೂ ಕಿರಿಸೊಸೆಯ ಕೈಹಿಡಿದು ಮೆರೆಸಿದಳಂತೆ. ಆ ಮನೆಗೆ ಚೆಲುವೆ ಎನಿಸಿಕೊಂಡು ಬಂದವಳು ದಾಕ್ಷಾಯಣಿ. ಅವಳನ್ನು ಕೇಳಿದ್ದು ಮಾತ್ರ, ಮೊಣಕಾಲು ನೋವು ಹೇಗಿದೆ ಎಂದು. ಮರಳಿ ಬಂದವಳು ಸೀರೆ ಕೂಡ ಬದಲಿಸದೆ ನನ್ನ ಮುಂದೆ ಕೂತಳು. ಮಲ್ಲೇಶಪ್ಪ ಅಂಗಡಿಯಲ್ಲಿ ನನ್ನ ಗಾಲಿ ತಿರುವುವುದನ್ನು ಅವಳು ನೋಡಿದ್ದಳು. ಅವಳ ಬೆರಳು ನನ್ನ ಬೆನ್ನ ಹಿಂದೆ ಹೋಯಿತು. ಮುಳ್ಳು ಸೊನ್ನೆ ದಾಟಿ ಮುಂದೆ ನಿಂತಿತು.

ಮರುದಿನ ಪೂರ್ಣಿಮಾ ಎಂದಿನಂತೆ ಮುಳ್ಳು ಸೊನ್ನೆಗಿದೆಯೋ ಎಂದು ನೋಡದೆ ಕಣ್ಣು ಮುಚ್ಚಿ ಹತ್ತಿದಳು, ಕಣ್ಣು ಬಿಟ್ಟಳು, ಮುಳ್ಳು ಏರಿದ್ದು ಕಂಡು ಇಳಿದಳು. ಮದುವೆಯ ಊಟದಿಂದ ಇರಬೇಕು ಎಂದುಕೊಂಡಳು. ಮುಂದಿನ ವಾರ ಗಾಲಿ ಇನ್ನೂ ಒಂದಿಷ್ಟು ತಿರುಗಿತ್ತು. ತನ್ನ ಹೆಸರಿಲ್ಲದ ಪಥ್ಯದ ಮೇಲೆ ಅವಳಿಗೆ ನಂಬಿಕೆ ಹೋಯಿತು. ರೊಟ್ಟಿ ಬಿಟ್ಟು ಹಣ್ಣಿನ ವಾರ ಹಿಡಿದಳು. ಅದೂ ಸಾಲದೆಂದು ಪುಡಿ ತರಿಸಿ ಕುಡಿದಳು. ಆಮೇಲೆ ದಿನಕ್ಕೆ ಒಂದೇ ಹೊತ್ತಿನ ಊಟ. ಅವಳ ಪಾದಗಳು ನನ್ನ ಮೇಲೆ ದಿನದಿನಕ್ಕೆ ಹಗುರಾಗುತ್ತಿದ್ದವು. ನನ್ನ ಮುಖ ಮಾತ್ರ ಭಾರ ತೋರಿಸುತ್ತಿತ್ತು. ನನಗೆ ಬಾಯಿ ಇದ್ದಿದ್ದರೆ ಕೂಗಿ ಹೇಳುತ್ತಿದ್ದೆ.

ದಾಕ್ಷಾಯಣಿಗೆ ಮೊದಮೊದಲು ಹಾಯೆನಿಸಿತು. ಓಣಿಯಲ್ಲಿ ಹಾಡು ಗುನುಗುತ್ತ ಓಡಾಡಿದಳು. ಒಂದು ಬೆಳಿಗ್ಗೆ ರೊಟ್ಟಿ ಹಂಚಿನ ಮುಂದೆ ಕೂತಿದ್ದ ಪೂರ್ಣಿಮಾ ಹಾಗೇ ಗೋಡೆಗೆ ವಾಲಿದಳು. ನೀಲಮ್ಮ ಮುಖಕ್ಕೆ ನೀರು ಚಿಮುಕಿಸಿ, ರೊಟ್ಟಿ ಮುರಿದು ಬಾಯಿಗಿಟ್ಟರೆ ಅವಳು ಬಾಯಿ ತೆರೆಯಲಿಲ್ಲ. ಡಾಕ್ಟರ ಹತ್ತಿರ ಹೋಗುವ ದಿನ ಹತ್ತಿರ ಬಂತು, ಅಲ್ಲಿಯವರೆಗೆ ಬರೀ ನೀರು ಕುಡಿದಿರುತ್ತೇನೆ, ತೂಕ ಇಳಿಯದಿದ್ದರೆ ಚಿಕಿತ್ಸೆಯೇ ಇಲ್ಲ ಎಂದಳು. ದಾಕ್ಷಾಯಣಿ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು.

ನೀಲಮ್ಮ ದೇವರ ಮನೆಗೆ ಹೋದ ಮೇಲೆ ದಾಕ್ಷಾಯಣಿ ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಪೂರ್ಣಿಮಾಳ ಮುಂದೆ ತಂದಿಟ್ಟಳು.

“ಇದು ತೋರ್ಸಿದ್ದು ನಿನ್ನ ತೂಕಲ್ಲ ಪೂರ್ಣಿ. ಈ ಗಾಲಿ ನಾನ ತಿರುವೀನಿ.”

ಪೂರ್ಣಿಮಾಗೆ ಮೊದಲು ಅರ್ಥವಾದದ್ದು ಅರ್ಧವಷ್ಟೇ. ಅವಳ ಮುಖ ಅರಳಿತು.

“ಹಂಗಂದ್ರ ನಾ ಇಳದೀನೇನ್ರೀ ಅಕ್ಕಾ?”

“ಭಾಳ ಇಳದೀ.”

ನಕ್ಕಳು. ನಗುತ್ತಿದ್ದ ಹಾಗೇ ಉಳಿದ ಅರ್ಧವೂ ಅರ್ಥವಾಯಿತು. ಯಾಕೆ ಎಂದು ಕೇಳಿದಳು.

“ಹೊಟ್ಟಿಕಿಚ್ಚು,” ಎಂದಳು ದಾಕ್ಷಾಯಣಿ. “ಮತ್ತೇನಿಲ್ಲ. ಬರೇ ಹೊಟ್ಟಿಕಿಚ್ಚು.”

ಪೂರ್ಣಿಮಾ ತಟ್ಟೆ ಎಳೆದುಕೊಂಡು ರೊಟ್ಟಿ ತಿಂದಳು. ತನ್ನ ಹಳೆಯ ಊಟಕ್ಕೇ ಮರಳಿದಳು. ಡಾಕ್ಟರಮ್ಮ ಚಿಕಿತ್ಸೆ ಶುರು ಮಾಡಿದರು. ಆದರೆ ಅಂದಿನಿಂದ ಅವಳ ಬಾಯಲ್ಲಿ ಅಕ್ಕ ಎನ್ನುವ ಮಾತು ನಿಂತುಹೋಯಿತು. ತುಸು ಸರೀರಿ, ಉಪ್ಪು ಕೊಡ್ರಿ, ಹಾಲು ಉಕ್ಕತೈತಿ ನೋಡ್ರಿ ಎನ್ನುವಳು, ಅಷ್ಟೇ. ಅತ್ತೆಗೂ ಗಂಡನಿಗೂ ಅವಳು ಏನೂ ಹೇಳಲಿಲ್ಲ. ಡಾಕ್ಟರಮ್ಮನ ಹತ್ತಿರ ತೂಕ ಬೇರೆ ಬಂದದ್ದರಿಂದ ಯಂತ್ರ ಕೆಟ್ಟಿದೆ ಎಂದು ಮನೆಯವರೆಲ್ಲ ನಂಬಿದರು. ತಪ್ಪು ನನ್ನ ತಲೆಗೆ ಕಟ್ಟಿ, ಮಂಚದ ಕೆಳಗೆ ತಳ್ಳಿದರು. ನನ್ನ ಜಾಗಕ್ಕೆ ಮತ್ತೆ ಗಾಜಿನದೊಂದು ಬಂತು. ಅದು ಕೀಂ ಎಂದಾಗಲೆಲ್ಲ ನಾನು ಧೂಳಿನಲ್ಲಿ ಹಲ್ಲು ಕಡಿಯುತ್ತಿದ್ದೆ.

ದಾಕ್ಷಾಯಣಿ ಪಥ್ಯಗಳನ್ನೆಲ್ಲ ಬಿಟ್ಟು ಪೂರ್ಣಿಮಾಳ ಊಟವನ್ನೇ ಉಂಡಳು. ಸಂಜೆ ಕೆರೆಯ ತನಕ ಅವಳ ಹಿಂದೆ ನಾಲ್ಕು ಮಾರು ಬಿಟ್ಟು ನಡೆಯುತ್ತಿದ್ದಳು ಎಂದು ನೀಲಮ್ಮ ಯಾರಿಗೋ ಹೇಳುವುದು ಕೇಳಿಸಿತು. ಮೈ ಇಳಿಯಿತು. ಯಾರು ಹೊಗಳಿದರೂ ಅವಳು ಮಾತು ಬದಲಿಸುತ್ತಿದ್ದಳು.

ಚಿಕಿತ್ಸೆ ಫಲಿಸಿ ಪೂರ್ಣಿಮಾ ಬಸುರಿಯಾದಳು. ದಿನ ತುಂಬುತ್ತ ಬಂದಾಗ ತೂಕ ನೋಡುತ್ತಿರಬೇಕು ಎಂದು ಡಾಕ್ಟರಮ್ಮ ಹೇಳಿದರು. ಬಸುರಿಯ ಕಾಲು ಗಾಜಿನ ಮೇಲೆ ಜಾರೀತು, ಹಳೆಯದು ತುಸು ಹೆಚ್ಚುಕಡಿಮೆ ತೋರಿಸಿದರೂ ಸರಿ ಎಂದು ನೀಲಮ್ಮ ಹಟ ಹಿಡಿದು ರಬ್ಬರು ಹೊದ್ದ ನನ್ನನ್ನು ಹೊರಗೆ ತೆಗೆಸಿದಳು. ನನ್ನ ಗಾಜು ಮಬ್ಬಾಗಿತ್ತು, ಅಂಚಿಗೆ ತುಕ್ಕು ಬಂದಿತ್ತು. ಪೂರ್ಣಿಮಾ ಗೋಡೆ ಹಿಡಿದು ಹತ್ತಿ ಬಗ್ಗಿ ನೋಡಿದಳು. ಹೊಟ್ಟೆ ಅಡ್ಡ ಬಂತು. ನನ್ನ ಮುಖ ಅವಳಿಗೆ ಕಾಣಲಿಲ್ಲ. ನೀಲಮ್ಮನ ಕಣ್ಣು ಮಂಜು. ಅಡುಗೆಮನೆಯ ಬಾಗಿಲಲ್ಲಿ ದಾಕ್ಷಾಯಣಿ ನಿಂತಿದ್ದಳು, ಹತ್ತಿರ ಬರುವ ಧೈರ್ಯವಿರಲಿಲ್ಲ.

“ನೀವ ನೋಡಿ ಹೇಳ್ರಿ ಅಕ್ಕಾ,” ಎಂದಳು ಪೂರ್ಣಿಮಾ.

ದಾಕ್ಷಾಯಣಿ ನೆಲಕ್ಕೆ ಕೂತಳು. ಮೊದಲು ಇಳಿದು ಮುಳ್ಳು ಸೊನ್ನೆಗೆ ಇದೆಯೋ ಇಲ್ಲವೋ ನೀನೇ ನೋಡಿಕೋ ಎಂದಳು. ನೀವು ನೋಡಿದರೆ ಸಾಕು ಎಂದು ಪೂರ್ಣಿಮಾ ನಿಂತಲ್ಲೇ ನಿಂತಳು. ದಾಕ್ಷಾಯಣಿ ಸೆರಗಿನಿಂದ ನನ್ನ ಗಾಜು ಒರೆಸಿ, ಕಣ್ಣೊರೆಸಿಕೊಂಡು, ಮತ್ತೆ ಗಾಜು ಒರೆಸಿ ತೂಕ ಓದಿ ಹೇಳಿದಳು. ಪೂರ್ಣಿಮಾ ಸರಿ ಎಂದು ತಲೆಯಾಡಿಸಿ ಇಳಿದಳು.

ಈಗ ನಾನು ಮಾಳಿಗೆಯ ಮೆಟ್ಟಿಲಿನ ಕೆಳಗೆ, ಹಳೆಯ ತೊಟ್ಟಿಲಿನ ಪಕ್ಕದಲ್ಲಿದ್ದೇನೆ. ಕನ್ನಡಿಯ ಮೇಲೆ, ಗಾಜಿನ ಯಂತ್ರದ ಮೇಲೆ ಇದ್ದ ಹೊಟ್ಟೆಕಿಚ್ಚು ವಯಸ್ಸಾದ ಹಾಗೆ ತಣ್ಣಗಾಗಿದೆ. ಬಸುರಿ ಪೂರ್ಣಿಮಾ ಹತ್ತಿದ ಆ ದಿನ ದಾಕ್ಷಾಯಣಿಯ ಮೇಲೆ ಹುಟ್ಟಿದ್ದೊಂದು ಮಾತ್ರ ಆರಿಲ್ಲ. ನಾನಾಗಿ ಒಂದು ಸುಳ್ಳೂ ಹೇಳಿದ್ದಿಲ್ಲ, ಆದರೂ ಹತ್ತಿದವರೆಲ್ಲ ನನ್ನನ್ನು ಸಂಶಯದಿಂದಲೇ ನೋಡಿದರು. ದಾಕ್ಷಾಯಣಿ ಸುಳ್ಳು ಹೇಳಿ ಸಿಕ್ಕಿಬಿದ್ದವಳು, ಅವಳ ಮಾತನ್ನು ಪೂರ್ಣಿಮಾ ಇಳಿದು ಸೊನ್ನೆ ಕೂಡ ನೋಡದೆ ನಂಬಿದಳು.